ಗುರುವಾರದ ಖಿಚಡಿ

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಚಿಕ್ಕೋಡಿಯಲ್ಲಿ ಹೊಳೆವ್ವಳ ಖಾನಾವಳಿಗೆ ಸರಕಾರಿ ಬೀಗ ಬಿದ್ದಿತ್ತು.

ಬೀಗಕ್ಕೆ ಸುತ್ತಿದ ಬಿಳಿ ಬಟ್ಟೆಗೆ ಅರಗು ಮೆತ್ತಿದ್ದರು. ಅರ್ಧ ಅರಗು ಬಾಗಿಲಿನ ಮೇಲೆ ಚೆಲ್ಲಿತ್ತು. ಬೀಗ ಹಾಕಲು ಬಂದಿದ್ದ ಅಧಿಕಾರಿ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ಫೋಟೊ ತೆಗೆಸಿಕೊಂಡು ಹೋಗಿದ್ದರು. ಒಳಗೆ ನಾರುವಂಥದ್ದು ಏನೂ ಇರಲಿಲ್ಲ. ಕರವಸ್ತ್ರ ಬೇಕಾಗಿದ್ದು ಫೋಟೊಗೆ.

ಹಿಂದಿನ ದಿನದ ಪಾತ್ರೆಗಳನ್ನು ತೊಳೆದು ಬೋರಲು ಹಾಕಲಾಗಿತ್ತು. ಅದನ್ನು ಅವರು ಸಾಕ್ಷ್ಯ ನಾಶ ಎಂದು ಬರೆದುಕೊಂಡಿದ್ದರು. ಮರುದಿನದವರೆಗೂ ಪಾತ್ರೆ ತೊಳೆಯದ ಖಾನಾವಳಿಯನ್ನು ಅವರು ಎಲ್ಲಿ ಕಂಡಿದ್ದರೋ ಗೊತ್ತಿಲ್ಲ.

ಬೀದಿಯ ಆಚೆ ಬದಿಯಲ್ಲಿ ನಿಂತು ಸೋನಾಲಿ ಆ ಬೀಗವನ್ನೇ ನೋಡುತ್ತಿದ್ದಳು. ವಿಮಾ ಕಂಪನಿಗಳ ಪರವಾಗಿ ಸುಳ್ಳು ಕ್ಲೇಮುಗಳನ್ನು ಪತ್ತೆಹಚ್ಚುವುದು ಅವಳ ವೃತ್ತಿ. ಬದುಕಿರುವ ಎಮ್ಮೆಯ ಕಿವಿಯಿಂದ ವಿಮೆಯ ಬಿಲ್ಲೆ ಕಿತ್ತು ಸತ್ತ ಎಮ್ಮೆಯ ಕಿವಿಗೆ ಚುಚ್ಚುವವರು, ಹೊಲದಲ್ಲಿ ಜಾರಿ ಬಿದ್ದು ಮುರಿದ ಕಾಲನ್ನು ಕಾಗದದ ಮೇಲೆ ಹೆದ್ದಾರಿಯ ಅಪಘಾತದಲ್ಲಿ ಮುರಿಸಿಕೊಳ್ಳುವವರು, ಅವರಿಗೆ ಸಹಿ ಹಾಕಿಕೊಡುವ ಡಾಕ್ಟರುಗಳು: ಅಥಣಿಯಿಂದ ನಿಪ್ಪಾಣಿಯವರೆಗೆ ಅವಳು ದಿನವೂ ಭೇಟಿಯಾಗುವ ಜನ ಇವರು. ಮನುಷ್ಯರ ಬಗ್ಗೆ ಅವಳಿಗೆ ದೊಡ್ಡ ಅಭಿಪ್ರಾಯವಿರಲಿಲ್ಲ.

ಈ ಪ್ರಕರಣ ಅವಳಿಗೆ ಯಾರೂ ಒಪ್ಪಿಸಿದ್ದಲ್ಲ. ಅಥಣಿ ಕಡೆಯ ಅನಂತಪುರದಿಂದ ಓದಲು ಬಂದ ವರ್ಷಗಳಲ್ಲಿ ಅವಳು ಉಂಡದ್ದು ಈ ಬಾಗಿಲಿನ ಒಳಗೆ. ಹೊಳೆವ್ವಳನ್ನು ಅವಳು ಕಾಕು, ಎಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು.

ಗುರುವಾರ ನಡೆದದ್ದು ಇಷ್ಟು: ಅಂಕಲಿಯ ಬಿ.ಎಸ್ಸಿ. ವಿದ್ಯಾರ್ಥಿ ಸುಹಾಸ ಮಧ್ಯಾಹ್ನ ಖಾನಾವಳಿಗೆ ಬಂದು ಹೋದ. ಸಂಜೆ ಬಸ್ ನಿಲ್ದಾಣದಲ್ಲಿ ಬಾಯಿಯಿಂದ ನೊರೆ ಸುರಿದು ಬಿದ್ದ. ಈಗ ಮಿರಜಿನ ಆಸ್ಪತ್ರೆಯೊಂದರಲ್ಲಿದ್ದಾನೆ. ಎಚ್ಚರವಿಲ್ಲ. ಹೊಟ್ಟೆಗೆ ಸೇರಿದ್ದು ಬೆಳೆಗೆ ಹೊಡೆಯುವ ಕೀಟನಾಶಕ ಎಂದು ಅಲ್ಲಿಯ ಡಾಕ್ಟರ್ ಹೇಳಿದ್ದಾರೆ.

ಪೊಲೀಸರ ಲೆಕ್ಕ ಸರಳವಾಗಿತ್ತು. ಜಿರಲೆಗೆಂದು ಹೊಳೆವ್ವ ಅಡುಗೆಮನೆಯಲ್ಲಿ ಔಷಧ ಸಿಂಪಡಿಸಿದ್ದಾಳೆ, ಅದು ಹುಡುಗನ ತಾಟಿಗೆ ಬಿದ್ದಿದೆ. ನಿರ್ಲಕ್ಷ್ಯ. ಅದೇ ಮಧ್ಯಾಹ್ನ ಅದೇ ಪಾತ್ರೆಯಿಂದ ಉಂಡ ಉಳಿದ ಹುಡುಗರೆಲ್ಲ ಶುಕ್ರವಾರ ಬೆಳಿಗ್ಗೆ ಕ್ಲಾಸಿನಲ್ಲಿ ಕುಳಿತಿದ್ದರು ಎಂಬುದು ಈ ಲೆಕ್ಕಕ್ಕೆ ಅಡ್ಡ ಬಂದಿರಲಿಲ್ಲ.

ಹೊಳೆವ್ವ ಮುಂಜಾನೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಸಂಜೆಯೊಳಗೆ ಪ್ರಕರಣ ದಾಖಲಿಸುವುದಾಗಿ ಪಿಎಸ್‌ಐ ಹೇಳಿಯಾಗಿತ್ತು. ದಾಖಲಾದರೆ ಈ ಬೀಗ ಮತ್ತೆ ತೆರೆಯುವುದಿಲ್ಲ. ವಿಷದ ಹೆಸರು ಅಂಟಿದ ಮನೆಯಲ್ಲಿ ಯಾರೂ ಮತ್ತೆ ಕೈ ತೊಳೆದು ಕೂರುವುದಿಲ್ಲ.

ಸೋನಾಲಿಯ ಕಣ್ಣೆದುರೇ ಹುಡುಗರು ಬರುತ್ತಿದ್ದರು. ಬೀಗ ನೋಡುತ್ತಿದ್ದರು, ತಿರುಗುತ್ತಿದ್ದರು. ಕಾಗವಾಡ, ರಾಯಬಾಗ ಕಡೆಯ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡಿದ್ದ ಮಕ್ಕಳು. ಇಲ್ಲಿ ಬಿಸಿ ರೊಟ್ಟಿ, ಝುಣಕಾ, ಆಮಟಿ, ಹಸಿಮೆಣಸಿನಕಾಯಿಯ ಖರ್ಡಾ. ಸಾಕು ಅನ್ನುವ ತನಕ ರೊಟ್ಟಿ. ಹೊತ್ತು ಮುಳುಗುವ ಮೊದಲೇ ಜೈನರ ಹುಡುಗರ ಸಾಲು. ಅವರಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಬೇರೆ ಪಾತ್ರೆ. ದೀಪ ಹಚ್ಚಿದ ಮೇಲೆ ಉಳಿದವರ ಸಾಲು. ಯಾವ ಮಂಡಳಿಯೂ ನಿಯಮ ಬರೆದುಕೊಡದೆ ಹೊಳೆವ್ವ ಇದನ್ನು ನಡೆಸಿಕೊಂಡು ಬಂದಿದ್ದಳು.

ತಿರುಗಿದ ಹುಡುಗರು ಹೋಗುತ್ತಿದ್ದದ್ದು ಒಂದೇ ಕಡೆಗೆ. ಎದುರಿನ ಸುರಜನ ಕೆಫೆಗೆ.

ಸೋನಾಲಿ ಅವರ ಹಿಂದೆಯೇ ಹೋದಳು.

ಕೆಫೆಯ ಬೋರ್ಡಿನ ಇಂಗ್ಲಿಷಿನಲ್ಲಿ ಒಂದು ಅಕ್ಷರ ಕಡಿಮೆಯಿತ್ತು. ಅದನ್ನು ಎತ್ತಿ ತೋರಿಸಿದವರಿಗೆ ಸುರಜ ಅದು ಸ್ಟೈಲ್ ಎನ್ನುತ್ತಿದ್ದ. ಒಳಗೆ ಪ್ಲಾಸ್ಟಿಕ್ ಬಳ್ಳಿ, ನೀಲಿ ದೀಪ, ಸೆಲ್ಫಿ ತೆಗೆದುಕೊಳ್ಳಲು ಗೋಡೆಗೆ ಬಡಿದ ಒಂದು ಜೊತೆ ರೆಕ್ಕೆ. ಮೂಲೆಯ ಟೇಬಲ್ಲಿನಲ್ಲಿ ಮೂವರು ಹುಡುಗರು ಒಂದು ಪ್ಲೇಟು ಮ್ಯಾಗಿಯನ್ನು ಮೂರು ಚಮಚಗಳಿಂದ ತಿನ್ನುತ್ತಿದ್ದರು. ಅವರ ಮುಖದ ಮೇಲೆ ನೀಲಿ ದೀಪ ಬಿದ್ದು, ಹಸಿವು ಕೂಡ ಅಲಂಕಾರದಂತೆ ಕಾಣುತ್ತಿತ್ತು.

ಸುರಜ ಕೌಂಟರಿನ ಹಿಂದೆ ನಿಂತಿದ್ದ. ಮೂವತ್ತರ ಒಳಗಿನ ವಯಸ್ಸು, ಒತ್ತಿ ಬಾಚಿದ ಕೂದಲು. ನಿಪ್ಪಾಣಿಯವನು. ತಾನು ವಿದ್ಯಾರ್ಥಿ ನಾಯಕ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಅವನು ಕೊನೆಯ ಪರೀಕ್ಷೆ ಬರೆದದ್ದು ಯಾವಾಗ ಎಂದು ಯಾರಿಗೂ ನೆನಪಿರಲಿಲ್ಲ. ಗುರುವಾರ ರಾತ್ರಿ ಫೋನಿನಿಂದ ಫೋನಿಗೆ ಹರಿದಾಡಿದ ವಿಡಿಯೊದಲ್ಲಿ, 'ನನ್ನ ಕಣ್ಣ ಮುಂದೆ ಆ ಹುಡುಗ ಹೊಳೆವ್ವಳ ಖಿಚಡಿ ತಿಂದ' ಎಂದು ಹೇಳಿದವನು ಇವನೇ. ಪೊಲೀಸರ ಬಳಿ ಇದ್ದ ಸಾಕ್ಷಿ ಇದೊಂದೇ.

"ಯಾ ತಾಈ, ಬಸಾ," ಎಂದು ಕುರ್ಚಿ ತೋರಿಸಿದ.

"ನಾ ನಿನ್ನ ತಾಯಿ ಅಲ್ಲ. ಅಷ್ಟ್ ವಯಸ್ಸಾಗಿಲ್ಲ ನನಗ."

"ತಾಈ ಅಂದ್ರ ಅಕ್ಕಾ ಅಂತ ಮೇಡಂ. ಮರಾಠಿ."

"ಗೊತ್ತೈತಿ. ಅಕ್ಕನೂ ಅಲ್ಲ."

ಮೂಲೆಯ ಟೇಬಲ್ಲಿನಲ್ಲಿ ಒಬ್ಬ ಹುಡುಗ ಮ್ಯಾಗಿ ನೆತ್ತಿಗೇರಿಸಿಕೊಂಡು ಕೆಮ್ಮಿದ. ಸುರಜ ಆ ಕಡೆ ದುರುಗುಟ್ಟಿ ನೋಡಿ ಮತ್ತೆ ಹಲ್ಲು ಬಿಟ್ಟ.

"ಕೋಲ್ಡ್ ಕಾಫಿ ತಗೋತೀರೇನ್ರಿ?"

"ಬ್ಯಾಡ. ನಿನ್ನಿ ವಿಡಿಯೊ ನೋಡಿದೆ."

"ಭಾಳ ಮಂದಿ ನೋಡ್ಯಾರ್ರಿ," ಎಂದ. ಹಾರ ಹಾಕಿಸಿಕೊಂಡವರು ಮಾತಾಡುವ ದನಿ ಅದು.

"ನೀವು ಸ್ವಂತ ಕಣ್ಣಿಲೆ ನೋಡೀರಿ?"

"ಸ್ವಂತ ಕಣ್ಣಿಲೆ."

"ಎಲ್ಲಿ ನಿಂತಿದ್ರಿ?"

"ಅಲ್ಲೇ ರಿ, ಖಾನಾವಳಿ ಬಾಗಲಾಗ."

"ನಿಮ್ಮ ಹೋಟೆಲ್ ಬಿಟ್ಟು ಅವ್ರ ಬಾಗಲಾಗ ಯಾಕ ನಿಂತಿದ್ರಿ?"

"ಇದು ಹೋಟೆಲ್ ಅಲ್ಲ ಮೇಡಂ. ಕೆಫೆ."

"ಹಂಗಾದ್ರ ಕೆಫೆ ಬಿಟ್ಟು."

ಸುರಜ ಎದೆ ಮುಂದೆ ಮಾಡಿದ. "ಸ್ಟೂಡೆಂಟ್ಸ್ ಹೆಲ್ತ್ ಬಗ್ಗೆ ಕಾಳಜಿ ಐತಿ ನನಗ. ಆ ಖಾನಾವಳ್ಯಾಗ ಏನ್ ಬೇಯಸ್ತಾರ, ಏನ್ ಬಡಸ್ತಾರ, ಯಾರರೇ ನೋಡಬೇಕಲ್ರಿ? ಮಧ್ಯಾಹ್ನ ಒಂದು ರೌಂಡ್ ಹೋಗಿದ್ದೆ."

"ಒಳ್ಳೇದಾತು. ಏನ್ ತಿಂದ ಆ ಹುಡುಗ?"

"ಸಾಬುದಾಣಿ ಖಿಚಡಿ. ಫುಲ್ ಪ್ಲೇಟ್."

"ಅದರಾಗ ಏನೇನ್ ಇತ್ತು?"

"ಬಟಾಟಿ ಇತ್ತು, ಶೇಂಗಾ ಪುಡಿ, ಹಸಿಮೆಣಸಿನಕಾಯಿ. ಮ್ಯಾಲ ಮಸರು. ಬಟಾಟಿ ಸ್ವಲ್ಪ ಕಪ್ಪಾಗಿತ್ತು. ಆವಾಗಽ ನನಗ ಡೌಟ್ ಬಂತು."

"ಇಷ್ಟ್ ಚಂದ ನೋಡೀರಿ ಅಂದ್ರ ವಾಸನೀನೂ ಬಂದಿರಬೇಕಲ್ಲ. ಲವಂಗದ ವಾಸನಿ ಇತ್ತೇನು?"

ಇದನ್ನು ಅವಳು ಸುಮ್ಮನೆ ಕೇಳಿರಲಿಲ್ಲ. ಮಿರಜಿನ ಆಸ್ಪತ್ರೆಯ ಪರಿಚಯದ ನರ್ಸ್ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಳು: ಹುಡುಗ ಕಾರಿದ್ದರಲ್ಲಿ ಔಷಧದ ನಾತದ ಜೊತೆಗೆ ಲವಂಗದ ವಾಸನೆ ಇತ್ತು. ಸಾಬುದಾಣಿ ಖಿಚಡಿಗೆ ಜೀರಿಗೆ ಹಾಕುತ್ತಾರೆ. ಲವಂಗ ಹಾಕುವವರನ್ನು ಸೋನಾಲಿ ಈ ತನಕ ಕಂಡಿರಲಿಲ್ಲ.

ಸುರಜ ಅರೆಕ್ಷಣ ಅವಳ ಮುಖ ನೋಡಿದ. ಯಾವ ಉತ್ತರ ಕೊಟ್ಟರೆ ತನಗೆ ಅನುಕೂಲ ಎಂದು ಅಳೆಯುವ ನೋಟ ಅವಳಿಗೆ ಚೆನ್ನಾಗಿ ಪರಿಚಿತ. ಎಮ್ಮೆ ಸತ್ತ ಮನೆಗಳಲ್ಲಿ ಅದನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿದ್ದಳು.

"ಹಾಂ, ಇತ್ರಿ," ಎಂದ. "ಲವಂಗ ಭಾಳ ಹಾಕಿದ್ರು. ಕೆಟ್ಟ ವಾಸನಿ ಮುಚ್ಚಾಕ ಹಾಕತಾರಲ್ರಿ."

"ಹಾಕತಾರ, ಹಾಕತಾರ."

ಸೋನಾಲಿ ಹೊರಡುವವಳಂತೆ ಬಾಗಿಲ ಕಡೆ ತಿರುಗಿ ಮತ್ತೆ ನಿಂತಳು.

"ಒಂದು ಮಾತು. ರೊಟ್ಟಿ, ಝುಣಕಾ ಬಿಟ್ಟು ಖಿಚಡೀನಽ ಯಾಕ ತಿಂದ ಅಂವ?"

"ಉಪಾಸ ಇತ್ತಲ್ರಿ ಅವಂದು." ಈ ಸಲ ಅವನು ಯೋಚಿಸಲಿಲ್ಲ. ಬಾಯಿಂದ ಮಾತು ತಾನಾಗಿ ಬಂತು. "ಮುಂಜಾನಿ ಇಲ್ಲೇ ಹಾದು ಹೊಂಟಿದ್ದ. ವಡಾಪಾವ್ ಬಿಸಿ ಐತಿ, ಬಾರಲೇ ಅಂದೆ. 'ಇವತ್ತ ಉಪಾಸ ಐತಿ' ಅಂದ. ಬೇಕಾದ್ರ ಈ ಹುಡುಗರ್ನ ಕೇಳ್ರಿ, ಅವ್ರೂ ಕೇಳ್ಯಾರ."

ಮೂಲೆಯ ಹುಡುಗರು ಹೌದೆಂದು ತಲೆಯಾಡಿಸಿದರು.

"ಉಪಾಸ ಅಂದ," ಎಂದಳು ಸೋನಾಲಿ.

"ಹೌದ್ರಿ. ಗುರುವಾರ ಅಲ್ಲೇನ್ರಿ? ಗುರುವಾರ ಆ ಖಾನಾವಳ್ಯಾಗ ಉಪಾಸದ ಖಿಚಡಿ ಮಾಡತಾರ, ಇಡೀ ಊರಿಗೆ ಗೊತ್ತು. ಉಪಾಸ ಇದ್ದಂವ ಮತ್ತೇನ್ ತಿಂತಾನ?"

"ಮತ್ತೇನ್ ತಿಂತಾನ," ಎಂದಳು.

ಅವಳಿಗೆ ನಗು ಬಂತು. ತಡೆದುಕೊಂಡಳು. ಈ ತನಕ ಅವಳು ಇವನನ್ನು ಲುಚ್ಚಾ ಎಂದಷ್ಟೇ ತಿಳಿದಿದ್ದಳು. ದಡ್ಡನೂ ಹೌದು ಎಂಬುದು ಈಗ ಗೊತ್ತಾಯಿತು. ಒಂದು ಮಾತಿನಲ್ಲಿ ಅವನು ತನ್ನ ವಿಡಿಯೊವನ್ನು ತಾನೇ ಹರಿದು ಹಾಕಿದ್ದ.

"ಇದನ್ನ ಹಿಂಗಽ ಪಿಎಸ್‌ಐ ಸಾಹೇಬ್ರ ಮುಂದ ಹೇಳತೀರಿ?"

"ಯಾಕ ಹೇಳೂದಿಲ್ರಿ? ಖರೇ ಮಾತಿಗೆ ಎಂಥಾ ಅಂಜಿಕಿ?" ಸುರಜ ಕೌಂಟರಿನ ಕೆಳಗಿನಿಂದ ಬಾಚಣಿಗೆ ತೆಗೆದ. "ಅಲ್ಲೇ ಕ್ಯಾಮೆರಾದವ್ರು ಬಂದಾರೇನ್ರಿ?"

"ಗ್ವಾಡಿಗೆ ಒಂದು ಹಾಕ್ಯಾರ. ಸರಕಾರದ್ದು."

ಸುರಜ ಕೂದಲು ಬಾಚಿಕೊಂಡು ಹೊರಟ.

ಠಾಣೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಪಿಎಸ್‌ಐ ಬಸವಂತನದಾಗಿತ್ತು. ವಿಜಯಪುರದ ಕಡೆಯಿಂದ ವರ್ಗವಾಗಿ ಬಂದು ಬಹಳ ದಿನವಾಗಿರಲಿಲ್ಲ. ಕೆಟ್ಟವನಲ್ಲ. ಇರುವ ಉತ್ತರ ಸಾಕಾಗುವಾಗ ಹೊಸ ಪ್ರಶ್ನೆ ಕೇಳುವ ಅಭ್ಯಾಸ ಇಲ್ಲದವನು. ಅಂಥವರಿಗೆ ಇಲಾಖೆಗಳಲ್ಲಿ ಬಡ್ತಿ ತಪ್ಪುವುದಿಲ್ಲ.

ಬಾಗಿಲ ಪಕ್ಕದ ಬೆಂಚಿನ ಮೇಲೆ ಹೊಳೆವ್ವ ಕೂತಿದ್ದಳು. ಸೆರಗು ಬಿಗಿಯಾಗಿ ಹೊದ್ದಿದ್ದಳು. ಯಾರೋ ಕೊಟ್ಟ ಚಹಾ ಅವಳ ಪಕ್ಕದಲ್ಲಿ ಕೆನೆಗಟ್ಟಿತ್ತು. ಇನ್ನೊಂದು ಗೋಡೆಗೆ ಒರಗಿ ನಿಂತಿದ್ದವನು ಸುಹಾಸನ ತಂದೆ ಜಯಪಾಲ. ಅಂಕಲಿಯಲ್ಲಿ ಹೊಳೆದಂಡೆಯ ಕಬ್ಬಿನ ಹೊಲ, ಊರಲ್ಲಿ ಕಾಳಿನ ಅಂಗಡಿ ಇದ್ದವನು. ರಾತ್ರಿಯಿಡೀ ಮಿರಜಿನಲ್ಲಿದ್ದು, ಹೇಳಿಕೆ ಕೊಡಲೆಂದು ಕರೆಸಿದ್ದರಿಂದ ಬಂದಿದ್ದ. ಕುರ್ಚಿ ಕೊಟ್ಟರೂ ಕೂತಿರಲಿಲ್ಲ. ಅವನೂ ಹೊಳೆವ್ವಳೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

"ವಿಮಾದವ್ರಿಗೆ ಇಲ್ಲೇನ್ ಕೆಲಸ್ರಿ?" ಎಂದ ಬಸವಂತ. "ಖಾನಾವಳಿಗೆ ವಿಮಾ ಮಾಡಿಸ್ಯಾರೇನ?"

"ಇಲ್ರಿ. ನಿಮ್ಮ ಸಾಕ್ಷಿ ಸುಳ್ಳ್ ಹೇಳ್ಯಾನ. ಅದಕ್ಕ ಬಂದೀನಿ."

ಹೊಳೆವ್ವ ತಲೆ ಎತ್ತಿದಳು. "ಸೋನಾಲಿ, ನೀನರೇ ಹೇಳವ್ವಾ. ಮುಂಜಾನಿಂದ ಹೇಳಾಕತ್ತೀನಿ, ಆ ಹುಡುಗ ನನ್ನ ಮನ್ಯಾಗ ಉಂಡಿಲ್ಲ ಅಂತ. ಒಬ್ಬರೂ ಕಿವಿಗೆ ಹಾಕೊಳ್ಳವಲ್ರು."

"ಎಲ್ಲಾ ಆರೋಪಿಗಳೂ ಹಂಗಽ ಅಂತಾರ," ಎಂದ ಬಸವಂತ. "ಉಣ್ಣಾಕ ಅಲ್ಲಂದ್ರ ಖಾನಾವಳಿಗೆ ಯಾಕ ಬರತಾರ?"

"ಸಾಹೇಬ್ರ, ಅಂವ ಬಂದಿದ್ದು..."

"ಕಾಕು, ನೀ ಸುಮ್ಮಕಿರು," ಎಂದಳು ಸೋನಾಲಿ. "ನಾ ಮಾತಾಡತೀನಿ."

ಹೊಳೆವ್ವ ಬಾಯಿ ಮುಚ್ಚಿದಳು.

ಸುರಜ ನಡುವೆ ಬಂದು ನಿಂತು, ಗೋಡೆಯ ಕ್ಯಾಮೆರಾ ಯಾವ ಕಡೆಗಿದೆ ಎಂದು ನೋಡಿಕೊಂಡು, ಎಲ್ಲವನ್ನೂ ಮತ್ತೆ ಹೇಳಿದ. ಫುಲ್ ಪ್ಲೇಟು. ಬಟಾಟಿ. ಶೇಂಗಾ. ಮಸರು. ಲವಂಗ ಈ ಸಲ ತಾನಾಗಿಯೇ ಬಂತು. ಬಟಾಟಿ ಮೊದಲಿಗಿಂತ ಹೆಚ್ಚು ಕಪ್ಪಾಗಿತ್ತು.

"ಯಾಕ ಖಿಚಡಿ ತಿಂದ ಅಂತ ಹೇಳ್ರಿ," ಎಂದಳು ಸೋನಾಲಿ.

"ಉಪಾಸ ಇತ್ರಿ ಅವಂದು. ಅವನಽ ಹೇಳಿದ."

ಗೋಡೆಗೆ ಒರಗಿದ್ದ ಜಯಪಾಲ ಮೊದಲ ಸಲ ಸುರಜನ ಕಡೆಗೆ ನೋಡಿದ.

ಸೋನಾಲಿ ಅವನತ್ತ ತಿರುಗಿದಳು. "ಅಣ್ಣಾರ, ನಿಮ್ಮ ಮಗಾ ನಿನ್ನಿ ಉಪಾಸ ಇದ್ದದ್ದು ಖರೇನ್ರಿ?"

"ಖರೆ. ನಾವು ಜೈನರು, ಪರ್ವ ನಡದಾವು ನಮ್ಮವು. ನಿನ್ನಿ ಅಷ್ಟಮಿ."

"ಉಪಾಸ ಇದ್ದಾಗ ಅಂವ ಏನ್ ತಿಂತಾನ?"

ಜಯಪಾಲನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಯಾರೋ ತಮಾಷೆ ಮಾಡುತ್ತಿದ್ದಾರೆಯೇ ಎಂಬಂತೆ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಏನ್ ತಿಂತಾನ ಅಂದ್ರ? ಉಪಾಸಂದ್ರ ಏನೂ ತಿನ್ನಂಗಿಲ್ಲ. ತಿಂದ್ರ ಅದು ಉಪಾಸ ಹೆಂಗ ಆಕ್ಕೈತ್ರಿ?"

"ಸಾಬುದಾಣಿ ನಡೀತೈತಲ್ರಿ..." ಎಂದ ಸುರಜ.

"ಯಾರಿಗೆ ನಡೀತೈತಿ?"

"ಉಪಾಸಕ್ಕ. ನಮ್ಮ ಮನ್ಯಾಗ ಆಯಿ ಪ್ರತಿ ಗುರುವಾರ..."

"ನಿಮ್ಮ ಮನ್ಯಾಗ," ಎಂದ ಜಯಪಾಲ. "ನನ್ನ ಮನ್ಯಾಗ ಮಳಿಗಾಲದ ನಾಲ್ಕ ತಿಂಗಳ ಬಟಾಟಿ ಹೊಸ್ತಿಲಾ ದಾಟಂಗಿಲ್ಲ. ಪರ್ವದಾಗ ನನ್ನ ಮಗ ಬಟಾಟಿ ತಿಂದಾ ಅಂತ ಊರ ತುಂಬ ಹೇಳೀಯೇನೋ ನೀ? ಅಂವ ಅಲ್ಲಿ ಮೂಗಿಗೆ ನಳಿಗಿ ಹಾಕೊಂಡು ಬಿದ್ದಾನ."

ದನಿ ಏರಿರಲಿಲ್ಲ. ಆದರೂ ಪಕ್ಕದ ಕೋಣೆಯ ಟೈಪಿಂಗ್ ಸದ್ದು ನಿಂತಿತು.

ಸೋನಾಲಿ ಬಸವಂತನಿಗೆ ಬಿಡಿಸಿ ಹೇಳಿದಳು. ಒಂದೇ ಊರಿನಲ್ಲಿ ಒಂದೇ ಮಾತು ಎರಡು ಮನೆಗಳಲ್ಲಿ ಎರಡು ಅರ್ಥ. ಸುರಜನ ಮನೆಯಲ್ಲಿ ಉಪಾಸವೆಂದರೆ ಸಾಬುದಾಣಿ, ಶೇಂಗಾ, ಬಟಾಟಿ. ದಿನದ ಊಟಕ್ಕಿಂತ ಭರ್ಜರಿ. ಸುಹಾಸನ ಮನೆಯಲ್ಲಿ ಉಪಾಸವೆಂದರೆ ಒಂದು ಕಾಳೂ ಇಲ್ಲ. ಹುಡುಗನ ಬಾಯಿಂದ ಆ ಮಾತು ಕೇಳಿದ ಸುರಜ ಉಳಿದದ್ದನ್ನು ತನ್ನ ಮನೆಯ ತಾಟು ನೋಡಿ ತುಂಬಿಸಿಕೊಂಡ. ಅವನು ಖಾನಾವಳಿಯ ಬಾಗಿಲಿಗೆ ಹೋಗಿರಲೇ ಇಲ್ಲ. ಹೋಗಿದ್ದರೆ ಖಾಲಿ ಕೈಯಲ್ಲಿ ಕೂತ ಹುಡುಗ ಕಾಣುತ್ತಿದ್ದ.

"ಖಿಚಡ್ಯಾಗ ಲವಂಗಾನೂ ಇತ್ತಂತ," ಎಂದಳು. "ಅದು ನಾ ಕೊಟ್ಟದ್ದು. ಬಾಯಿಗೆ ಏನ್ ಹಾಕಿದ್ರೂ ನುಂಗತಾನ. ಇನ್ನೊಂದು ತಾಸು ಬಿಟ್ರ ಖಿಚಡ್ಯಾಗ ಮೀನಾ ಇತ್ತು ಅಂತಾನ."

ಬಸವಂತ ಸುರಜನನ್ನು ನೋಡಿದ. "ಏನಲೇ?"

ಬೋರ್ಡಿನ ಸ್ಟೈಲು, ಬಾಚಿದ ಕೂದಲು, ವಿದ್ಯಾರ್ಥಿಗಳ ಆರೋಗ್ಯದ ಕಾಳಜಿ ಎಲ್ಲವೂ ಒಂದೇ ಸಲಕ್ಕೆ ಇಳಿದುಹೋದವು. ಉಳಿದದ್ದು ಬೆವರಿದ ಒಬ್ಬ ಹುಡುಗ.

"ನೋಡಿಲ್ರಿ ಸಾಹೇಬ್ರ," ಎಂದ. "ಅಂವ ಒಳಗ ಹೋಗಿದ್ದಷ್ಟಽ ನೋಡೇನಿ, ನಮ್ಮ ಕೌಂಟರಿನಿಂದ. ಸಂಜಿಮುಂದ ಬಿದ್ದಾ ಅಂತ ಗೊತ್ತಾತು. ಹಂಗಾದ್ರ ಅದನ್ನಽ ತಿಂದಿರಬೇಕು ಅಂತ..."

"ಅಂತ ವಿಡಿಯೊ ಮಾಡಿದಿ."

"ಎಲ್ಲಾ ಹುಡುಗ್ರೂ ಅಲ್ಲೇ ಹೊಕ್ಕಾರ್ರಿ. ನನ್ನ ಕಡೆ ಒಬ್ಬರೂ ಬರವಲ್ರು. ಏನ್ ಮಾಡ್ಲಿ?"

"ರೊಟ್ಟಿ ಬಡೀಯಾಕ ಕಲಿ," ಎಂದಳು ಸೋನಾಲಿ.

ಹೊರಗೆ ಕೊಲ್ಹಾಪುರದ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಸೋನಾಲಿ ಹೊಳೆವ್ವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಸುಳ್ಳುಗಾರನನ್ನು ಅವನ ಮಾತಿನಿಂದಲೇ ಕೆಡವಿದ್ದಳು. ಸಾಕ್ಷಿ ಹೋದ ಮೇಲೆ ನಿರ್ಲಕ್ಷ್ಯದ ಪ್ರಕರಣಕ್ಕೆ ಕಾಲೇ ಇಲ್ಲ. ಹೊಳೆವ್ವಳನ್ನು ಮನೆಗೆ ಬಿಟ್ಟು, ನಾಳೆ ಬೀಗ ತೆಗೆಸುವ ಅರ್ಜಿ ಹಾಕುವುದಷ್ಟೇ ಉಳಿದಿತ್ತು.

"ಏಳು ಕಾಕು, ಹೋಗೂನು," ಎಂದಳು.

"ಕೂಡ್ರಿ," ಎಂದ ಬಸವಂತ.

ಅವನು ಮೇಜಿನ ಮೇಲೆ ಪೆನ್ನು ಉರುಳಿಸುತ್ತಿದ್ದ. ಇಡೀ ದಿನದಲ್ಲಿ ಅವನು ಯೋಚಿಸಿದ್ದು ಇದೇ ಮೊದಲು. ಅದು ಅವನ ಮುಖಕ್ಕೆ ಒಗ್ಗಿರಲಿಲ್ಲ.

"ಹುಡುಗ ಏನೂ ತಿಂದಿಲ್ಲ. ಒಪ್ಪಿದೆ. ಹಂಗಾದ್ರ ಔಷಧ ಹೊಟ್ಟ್ಯಾಗ ಹೆಂಗ ಹೋತ್ರಿ?"

"ಅದನ್ನ ಹುಡುಕೂದು ನಿಮ್ಮ ಕೆಲಸ ಸಾಹೇಬ್ರ. ಮುಂಜಾನಿಂದ ಹುಡುಕಿದ್ರ ಇಷ್ಟೊತ್ತಿಗೆ ಸಿಗತಿತ್ತು."

ಬಸವಂತ ಆ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಜಯಪಾಲನನ್ನು ಕೇಳಿದ: "ನೀರರೇ ಕುಡೀತಾನೋ, ಅದೂ ಇಲ್ಲೋ?"

"ನೀರು ನಡೀತೈತ್ರಿ. ಹಗಲಾಗ ಒಂದಽ ಸಲ. ಸೋಸಿ ಕಾಸಿದ್ದು."

"ಬರೇ ನೀರು?"

"ಬರೇ ನೀರು. ಒಂದೆರಡ ಲವಂಗ ಜಜ್ಜಿ ಹಾಕತೀವಿ, ಶುದ್ಧ ಇರ್ಲಿ ಅಂತ."

ಸೋನಾಲಿ ಕೂತಲ್ಲೇ ತಣ್ಣಗಾದಳು. ಲವಂಗ. ಅದನ್ನು ಅವಳು ಬೆಳಿಗ್ಗೆಯಿಂದ ಕೈಯಲ್ಲೇ ಹಿಡಿದುಕೊಂಡಿದ್ದಳು, ಸುರಜನನ್ನು ಕೆಡವುವ ಕಲ್ಲೆಂದು. ಖಿಚಡಿಯಲ್ಲಿ ಇಲ್ಲದ ಲವಂಗ ಮತ್ತೆಲ್ಲಿತ್ತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಉಣ್ಣದ ಹುಡುಗ ಖಾನಾವಳಿಗೆ ಯಾಕೆ ಬಂದಿದ್ದ ಎಂಬ ಬಸವಂತನ ಪ್ರಶ್ನೆಗೆ ಹೊಳೆವ್ವ ಉತ್ತರ ಕೊಡಲು ಬಾಯಿ ತೆರೆದಾಗ, ಅದನ್ನು ಮುಚ್ಚಿಸಿದ್ದೂ ಅವಳೇ.

"ಯಾರ್ ಕಾಸಿ ಕೊಡತಿದ್ರು ಆ ನೀರು?" ಎಂದ ಬಸವಂತ.

"ಗೊತ್ತಿಲ್ರಿ," ಎಂದ ಜಯಪಾಲ. "ಅವನ ರೂಮಿನ್ಯಾಗ ಒಲಿ ಇಲ್ಲ, ಗ್ಯಾಸ್ ಇಲ್ಲ. ವ್ಯವಸ್ಥಾ ಆಗೈತಿ, ನೀವೇನ್ ಚಿಂತಿ ಮಾಡಬ್ಯಾಡ್ರಿ ಅಂದಿದ್ದ. ಯಾರಂತ ನಾ ಕೇಳ್ಲಿಲ್ಲ."

"ಕಾಕು," ಎಂದಳು ಸೋನಾಲಿ ಮೆಲ್ಲಗೆ, "ಏನೂ ಹೇಳಬ್ಯಾಡ."

ಆದರೆ ಹೊಳೆವ್ವಳಿಗೆ ಮುಂಜಾನೆಯಿಂದ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಏನು ಕಲೆಸಿದಿ, ಎಲ್ಲಿಟ್ಟಿದ್ದಿ, ಯಾಕೆ ತೊಳೆದಿ ಎಂದು ಕೇಳಿದ್ದರು. ಈಗ ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಮುಖದ ಮೇಲೆ ಸಮಾಧಾನವಿತ್ತು.

"ನಾನಽ ಕೊಟ್ಟೇನ್ರಿ," ಎಂದಳು. "ಪರ್ವದ ನೀರು ನಾನಽ ಕಾಸಿ ಕೊಡತೀನಿ, ಅವನಷ್ಟಕ್ಕ. ಅದಕ್ಕಽ ಬಂದಿದ್ದ ಅಂವ. ಉಳಿದ ಹುಡುಗೂರು ಕುಡಿಯೂ ನೀರಲ್ಲ ಅದು. ಬ್ಯಾರೆ ತಂಬಗಿ, ಸೋಸಾಕ ಬ್ಯಾರೆ ಅರಿವಿ."

"ಕಾಕು, ಸಾಕು."

"ಯಾಕ ಸಾಕು? ಖರೇನಽ ಹೇಳಾಕತ್ತೀನಿ." ಹೊಳೆವ್ವ ಜಯಪಾಲನ ಕಡೆಗೆ ತಿರುಗಿದಳು. ಅವನಿಗೆ ಸಮಾಧಾನ ಹೇಳುವುದೇ ಅವಳ ಉದ್ದೇಶವಾಗಿತ್ತು. ತಪ್ಪು ತಿಳಿದುಕೊಳ್ಳಬಾರದು, ಮಗನ ನೇಮ ಕೆಟ್ಟಿಲ್ಲ ಎಂದು. "ಅಣ್ಣಾರ, ನಿಮ್ಮ ಮಗನ ನೀರು ಭಾಳ ಚೊಕ್ಕ ಇಡತೀನ್ರಿ. ಸೋಸಾಕಿ ನಾನಽ, ಕಾಸಾಕಿ ನಾನಽ, ಬಾಟ್ಲಿಗೆ ಹಾಕಾಕಿ ನಾನಽ. ಬ್ಯಾರೆ ಯಾರ ಕೈನೂ ಮುಟ್ಟಸಿಲ್ಲ."

ಸುರಜ ಮೆಲ್ಲಗೆ ಫೋನು ತೆಗೆದ. ಕಾನ್‌ಸ್ಟೇಬಲ್ ಅದನ್ನು ಕಸಿದುಕೊಂಡ.

"ಇನ್ನೊಮ್ಮೆ ಹೇಳ್ರಿ," ಎಂದ ಬಸವಂತ.

ಹೊಳೆವ್ವ ಇನ್ನೊಮ್ಮೆ ಹೇಳಿದಳು. ಈ ಸಲ ದನಿ ಅಷ್ಟು ಗಟ್ಟಿಯಿರಲಿಲ್ಲ. ಕೊನೆಯ ಮಾತಿಗೆ ಬರುವ ಹೊತ್ತಿಗೆ ತಾನು ಹೇಳುತ್ತಿರುವುದು ಏನೆಂದು ಅವಳಿಗೆ ತಿಳಿಯತೊಡಗಿತ್ತು. ಆದರೂ ಮಾತು ಬದಲಿಸಲಿಲ್ಲ.

ಜಯಪಾಲ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಸ್ವಲ್ಪ ಮೊದಲು ಅವಳನ್ನು ಬಿಡಿಸಿದ ಮನುಷ್ಯ ಅವನೇ.

"ನನ್ನ ಮಗಾ ನಿಮಗೇನ್ ಮಾಡಿದ್ದ ಯವ್ವಾ?" ಎಂದ.

ಹೊಳೆವ್ವ ಬೆಂಚಿನ ಮೇಲೆ ಕೂತುಬಿಟ್ಟಳು.

"ಸಾಹೇಬ್ರ, ಆ ಬಾಟ್ಲಿ ಎಲ್ಲೈತಿ?" ಸೋನಾಲಿ ಎದ್ದಳು. "ಅದನ್ನ ಮೊದಲ ಹುಡುಕಸ್ರಿ. ಖಾನಾವಳಿಯಿಂದ ಬಸ್ ಸ್ಟ್ಯಾಂಡ್ ತನಕ ಅದು ಅವನ ಕೈಯಾಗಽ ಇತ್ತೇನು? ಎಲ್ಲೆರೇ ಇಟ್ಟಿದ್ದನೇನು? ಯಾರರೇ..."

"ಹುಡುಕಸ್ತೀನ್ರಿ," ಎಂದ ಬಸವಂತ. "ನನ್ನ ಕೆಲಸ ಅಂತ ನೀವಽ ಹೇಳಿದ್ರಲ್ಲ."

ಅವನು ಗೋಡೆಯ ಗಡಿಯಾರ ನೋಡಿದ. ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಒಬ್ಬಳನ್ನು ಕೂಗಿ ಕರೆದ. ಮುಂಜಾನೆ ಬರೆದಿಟ್ಟಿದ್ದ ನಿರ್ಲಕ್ಷ್ಯದ ಹಾಳೆಯನ್ನು ಅಡ್ಡಗೆರೆ ಎಳೆದು ಪಕ್ಕಕ್ಕಿಟ್ಟ. ಅದು ಠಾಣೆಯಲ್ಲೇ ಜಾಮೀನು ಸಿಗುವ ಪ್ರಕರಣವಾಗಿತ್ತು.

ಸಂಜೆ ಐದೂವರೆಗೆ ಹೊಳೆವ್ವಳ ಮೇಲೆ ಕೊಲೆ ಯತ್ನದ ಪ್ರಕರಣ ದಾಖಲಾಯಿತು. ಸುರಜನನ್ನು ಮನೆಗೆ ಕಳಿಸಿದರು.